ಪ್ರಸಾದಗುಣದ ಪೆಟ್ಟಿಗೆ

ಆಲಂಕಾರಿಕರು ಕಾವ್ಯಕ್ಕೆ ಮಾಧುರ್ಯ, ಓಜಸ್ಸು, ಪ್ರಸಾದಗಳೆಂಬ ಮೂರು ಗುಣಗಳನ್ನು ಹೇಳಿರುವರು. ಮೊಮ್ಮಗಳ ವಿದ್ಯುತ್ ಗಿಟಾರಿಗೆ ಸಣ್ಣದೊಂದು ಆಂಪ್ಲಿಫೈಯರನ್ನು ಆರಿಸುವಾಗ ನನಗೆ ಈ ವಿಭಾಗವೇ ದಾರಿ ತೋರಿತು.

ಅವಳು ನುಡಿಸುವುದು ನಮ್ಮ ರಾಗಗಳನ್ನು. ರೋಗಶಯ್ಯೆಯಲ್ಲಿರುವ ಅವಳ ಅಜ್ಜಿಗೆ ಪಕ್ಕದ ಕೋಣೆಯಿಂದ ಕಲ್ಯಾಣಿಯನ್ನು ಕೇಳುವ ಆಸೆ. ಆದರೆ ಕರ್ಕಶ ಧ್ವನಿಯನ್ನು ಅವರ ದೇಹವು ಸಹಿಸದು. ಆದುದರಿಂದ ಓಜಸ್ಸು ಮಿತವಾಗಿ, ಉಳಿದೆರಡು ಗುಣಗಳು ಪೂರ್ಣವಾಗಿ ಇರಬೇಕಾಯಿತು.

ಅಂಗಡಿಗಳಲ್ಲಿ ವಾಟುಗಳನ್ನೇ ಹೊಗಳುವರು. 10 ವಾಟಿಗಿಂತ 20 ವಾಟು ಕಿವಿಗೆ ಇಮ್ಮಡಿಯಲ್ಲ. ಹೆಚ್ಚುವುದು ಸುಮಾರು 3 ಡೆಸಿಬೆಲ್ ಮಾತ್ರ. ವಾಟಿನ ನಿಜವಾದ ಪ್ರಯೋಜನ ಬೇರೆ. ಪೆಟ್ಟಿಗೆಯ ಶಕ್ತಿಯು ಮೇರೆ ಮುಟ್ಟಿದೊಡನೆ ನಾದದ ಅಲೆಗಳ ತುದಿ ಕತ್ತರಿಸಿಹೋಗಿ ಸ್ವರವು ಒಡೆಯುವುದು; ಗಮಕದ ಸೂಕ್ಷ್ಮಗಳೆಲ್ಲ ಅಲ್ಲಿಯೇ ಲುಪ್ತ. ಅಮೆರಿಕದ ಫೆಂಡರ್ ಚಾಂಪ್ ಎಂಬ ಐದಾರು ವಾಟಿನ ವಾಲ್ವು ಪೆಟ್ಟಿಗೆಯು ಮೆಲ್ಲಗೆ ನುಡಿಸಿದರೆ ಮಧುರ, ಜೋರಾದರೆ ಬೇಗನೆ ಒರಟು. 1975ರಲ್ಲಿ ಬಂದ ಜಪಾನಿನ ರೋಲೆಂಡ್ ಜೆ.ಸಿ. 120 ನಿರ್ಮಲತೆಗೆ ಪ್ರಸಿದ್ಧ. ಆದರೆ 120 ವಾಟಿನ ಆ ಭಾರವು ಮನೆಗೆ ಸಲ್ಲದು. ಅದೇ ವಂಶದ 30 ವಾಟಿನ ಜೆ.ಸಿ. 22 ನಮಗೆ ಒಪ್ಪಿತು.

ಕೊಳ್ಳುವವರು ಸ್ವಂತ ಗಿಟಾರನ್ನೇ ಒಯ್ದು, ಮನೆಯಲ್ಲಿ ನುಡಿಸುವಷ್ಟೇ ಧ್ವನಿಯಲ್ಲಿ ದಪ್ಪ ತಂತಿಯನ್ನು ಮೆಲ್ಲಗೂ ಬಲವಾಗಿಯೂ ಮೀಟಿ ನೋಡಲಿ. ಟ್ರೆಬಲ್ ಗುಂಡಿಯನ್ನು ತುಸು ಇಳಿಸಿದರೆ ನಾದದ ತೀಕ್ಷ್ಣತೆ ಶಮಿಸಿ ಮಾರ್ದವವು ಬರುವುದು. ಬಳಿಕ ಸ್ವರವು ಮೌನದಲ್ಲಿ ಕರಗುವವರೆಗೂ ಕಿವಿಗೊಡಲಿ. ಕರಗುವಾಗಲೂ ಶ್ರುತಿ ಸ್ಪಷ್ಟವಾಗಿ ಉಳಿಸುವ ಪೆಟ್ಟಿಗೆಯೇ ಗೃಹಸ್ಥನಿಗೆ ಯೋಗ್ಯವು.