ಚೋರ್ ಬಜಾರಿನಲ್ಲಿ ಹಳೆಯ ಪಂಖಾಗಳು

ಸೊಲ್ಲಾಪುರದ ಸೀಮೆಯವರಾದ ನಮಗೆ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸು ಮನೆಯ ಬಂಡಿಯಿದ್ದಂತೆ. ವಚನಕಾರ ಸಿದ್ಧರಾಮನ ಹೆಸರನ್ನು ಹೊತ್ತ ಈ ಗಾಡಿ ರಾತ್ರಿ ಸೊಲ್ಲಾಪುರವನ್ನು ಬಿಟ್ಟು ಬೆಳಗಿನಲ್ಲಿ ಮುಂಬಯಿಯನ್ನು ಮುಟ್ಟುತ್ತದೆ. ಆಸ್ಪತ್ರೆಗಾಗಿ, ನೌಕರಿಗಾಗಿ, ಮದುವೆಯ ಜವಳಿಗಾಗಿ ನಮ್ಮ ಜನ ಅದನ್ನು ಏರುವುದುಂಟು. ಹಳೆಯ ವಿದ್ಯುತ್ ಬೀಸಣಿಗೆಗಳನ್ನು ನೋಡುವುದಕ್ಕೆಂದೇ ಏರಿದವರು ಬಹುಶಃ ನಾವಿಬ್ಬರೇ ಇದ್ದೇವು. ನಮ್ಮ ಜೊತೆಗಿದ್ದವರು ಸೊಲ್ಲಾಪುರದ ಗಿರಣಿಯೊಂದರಲ್ಲಿ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಮಾಡಿ ವಿಶ್ರಾಂತರಾದ ಹಿರಿಯರು; ಓಣಿಯವರಿಗೆಲ್ಲ ಅವರು ‘ಕಾಕಾ’. ಅವರ ಮನೆಯ ಪಡಸಾಲೆಯಲ್ಲಿ ಹನ್ನೊಂದು ಹಳೆಯ ಪಂಖಾಗಳಿವೆ, ಹನ್ನೊಂದೂ ತಿರುಗುತ್ತವೆ.

ಮೊಹಮ್ಮದ್ ಅಲಿ ರಸ್ತೆಯ ಗದ್ದಲದಿಂದ ಒಳಗೆ ತಿರುಗಿ, ಭೇಂಡಿ ಬಜಾರವನ್ನು ಹಾದು ಮುಂದೆ ಹೋದರೆ ಮಟನ್ ಸ್ಟ್ರೀಟ್ ಎಂಬ ಇಕ್ಕಟ್ಟಾದ ಬೀದಿ ಸಿಕ್ಕುತ್ತದೆ. ಇದೇ ಚೋರ್ ಬಜಾರಿನ ನಡುಬೀದಿ. ಮೊದಲಿದ್ದ ‘ಶೋರ್ ಬಜಾರ’, ಅಂದರೆ ಗಲಾಟೆಯ ಪೇಟೆ ಎಂಬ ಹೆಸರೇ ಆಂಗ್ಲರ ಬಾಯಲ್ಲಿ ‘ಚೋರ್’ ಆಯಿತೆಂದು ಅಲ್ಲಿಯವರು ಹೇಳುತ್ತಾರೆ. ಶುಕ್ರವಾರ ಅಂಗಡಿಗಳಿಗೆ ರಜೆ. ಅಂದು ನಸುಕಿನಿಂದಲೇ ಬೀದಿಯ ಮೇಲೆ ಹರಡುವ ಸಂತೆಯೇ ಬೇರೆ. ನಾವು ಹೋದದ್ದು ಬುಧವಾರ. ಹಡಗಿನ ದೀಪಗಳು, ಗ್ರಾಮಫೋನಿನ ತುತ್ತೂರಿಗಳು, ಚಲನಚಿತ್ರದ ಭಿತ್ತಿಪತ್ರಗಳು, ಗಡಿಯಾರಗಳು. ಇವುಗಳ ನಡುವೆ ಅಲ್ಲಲ್ಲಿ ಹಿತ್ತಾಳೆಯ ಅಲಗುಗಳ ಮೇಜು ಬೀಸಣಿಗೆಗಳು ಬಿಸಿಲಿಗೆ ಹೊಳೆಯುತ್ತಿದ್ದವು.

ವಿದ್ಯುತ್ ಬೀಸಣಿಗೆಯ ಚರಿತ್ರೆ ಬಹಳ ಹಳೆಯದಲ್ಲ. ಅಮೇರಿಕೆಯ ಸ್ಕೈಲರ್ ಸ್ಕಾಟ್ಸ್ ವ್ಹೀಲರ್ ಎಂಬ ಎಂಜಿನಿಯರು ೧೮೮೨ರಲ್ಲಿ ಎರಡು ಅಲಗುಗಳ ಮೇಜು ಬೀಸಣಿಗೆಯನ್ನು ರಚಿಸಿದನೆಂದು ಹೇಳಲಾಗುತ್ತದೆ. ಅದೇ ದಶಕದಲ್ಲಿ ಫಿಲಿಪ್ ಡೀಲ್ ಎಂಬಾತ, ಸಿಂಗರ್ ಹೊಲಿಗೆ ಯಂತ್ರಕ್ಕಾಗಿ ತಾನು ರೂಪಿಸಿದ್ದ ಮೋಟಾರನ್ನು ಮಾಡಿಗೆ ತೂಗುಹಾಕಿ ಅಲಗು ಜೋಡಿಸಿದನು. ಅದು ಇಂದಿನ ಸೀಲಿಂಗ್ ಪಂಖಾದ ಪೂರ್ವಜ. ೧೮೮೮ರಲ್ಲಿ ನಿಕೋಲಾ ಟೆಸ್ಲಾನ ಇಂಡಕ್ಷನ್ ಮೋಟಾರಿಗೆ ಪೇಟೆಂಟು ದೊರೆತ ಮೇಲೆ ಎ.ಸಿ. ವಿದ್ಯುತ್ತಿನ ಪಂಖಾಗಳಿಗೆ ದಾರಿ ತೆರೆಯಿತು. ನಮ್ಮ ದೇಶದಲ್ಲಿ ಕಲಕತ್ತೆಗೆ ೧೮೯೯ರಲ್ಲಿ ವಿದ್ಯುತ್ತು ಬಂತು. ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೂ, ೧೯೦೫ರಲ್ಲಿ ಬೆಂಗಳೂರಿಗೂ ಹರಿಯಿತು. ಅಲ್ಲಿಯವರೆಗೆ ಕಚೇರಿಗಳಲ್ಲಿಯೂ ಸಾಹೇಬರ ಬಂಗಲೆಗಳಲ್ಲಿಯೂ ಗಾಳಿ ಎಂದರೆ ಬಟ್ಟೆಯ ಪಂಖಾವನ್ನು ಹಗ್ಗ ಹಿಡಿದು ಎಳೆಯುತ್ತಿದ್ದ ಬಡವನ ತೋಳಿನ ಗಾಳಿಯೇ. ವಿದ್ಯುತ್ತಿಲ್ಲದ ಕಡೆಗಾಗಿ ಸೀಮೆಎಣ್ಣೆಯ ದೀಪದ ಕಾವಿನಿಂದ ತಿರುಗುವ ಪಂಖಾಗಳೂ ಮಾರಾಟಕ್ಕೆ ಬಂದಿದ್ದವು.

ಮೊದಲನೆಯ ಅಂಗಡಿಯಲ್ಲಿಯೇ ಕಾಕಾ ಅವರ ಪರೀಕ್ಷೆ ಪ್ರಾರಂಭವಾಯಿತು. ಅವರು ಹೊಳಪನ್ನು ನೋಡಲಿಲ್ಲ. ಪಂಖಾವನ್ನು ಬೋರಲು ಹಾಕಿ ತಳವನ್ನು ನೋಡಿದರು. “ಮಾರಿ ನೋಡಿ ಪಂಖಾ ಕೊಳ್ಳಬಾರದ್ರಿ, ಮೊದಲ ಚೀಟಿ ಓದಬೇಕು,” ಎಂದರು. ಚೀಟಿ ಎಂದರೆ ಮೋಟಾರಿಗೆ ಬಡಿದಿರುವ ಹಿತ್ತಾಳೆಯ ತಗಡು. ಅದರಲ್ಲಿ ತಯಾರಕರ ಹೆಸರು, ವೋಲ್ಟು, ಸೈಕಲ್ಲುಗಳ ಸಂಖ್ಯೆ, ಕೆಲವೊಮ್ಮೆ ಪೇಟೆಂಟಿನ ತಾರೀಖುಗಳು ಇರುತ್ತವೆ. ಪೇಟೆಂಟಿನ ಕೊನೆಯ ತಾರೀಖಿಗಿಂತ ಮುಂಚೆ ಆ ಪಂಖಾ ಹುಟ್ಟಿರಲಾರದು. ಆದರೆ ಅದಾದ ಎಷ್ಟೋ ವರ್ಷಗಳ ಮೇಲೆ ತಯಾರಾಗಿರಬಹುದು. ಆದ್ದರಿಂದ ಆ ತಾರೀಖನ್ನೇ ಜನ್ಮದಿನವೆಂದು ತಿಳಿಯಕೂಡದು. ಹೆಸರಿನಲ್ಲಿಯೂ ಮೋಸಹೋಗುವ ಸಂಭವವುಂಟು. ಅಮೇರಿಕೆಯ ಜನರಲ್ ಎಲೆಕ್ಟ್ರಿಕ್ ಬೇರೆ, ಇಂಗ್ಲೆಂಡಿನ ಜಿ.ಇ.ಸಿ. ಬೇರೆ; ಎರಡರ ಪಂಖಾಗಳೂ ಈ ಬೀದಿಯಲ್ಲಿ ಅಣ್ಣತಮ್ಮಂದಿರಂತೆ ಒಟ್ಟಿಗೆ ಕುಳಿತಿರುತ್ತವೆ. ಇಟಲಿಯ ಮಿಲಾನಿನಲ್ಲಿ ೧೮೯೧ರಲ್ಲಿ ಪ್ರಾರಂಭವಾದ ಎರ್ಕೋಲೆ ಮರೆಲ್ಲಿ ಕಾರ್ಖಾನೆಯ ಪಂಖಾಗಳೂ ಕಂಡವು.

ತಗಡು ಕಳೆದುಹೋಗಿದ್ದರೆ ಮೈಯನ್ನು ಓದಬೇಕಾಗುತ್ತದೆ. ಹಿತ್ತಾಳೆಯ ಅಲಗು, ಹಿತ್ತಾಳೆಯ ಪಂಜರ, ಕೈ ತೂರುವಷ್ಟು ಅಗಲವಾದ ಕಂಬಿಸಂದು, ಎರಕದ ಕಬ್ಬಿಣದ ಭಾರದ ಪೀಠ ಇವು ಸಾಮಾನ್ಯವಾಗಿ ಹಳಮೆಯ ಗುರುತುಗಳು. ಉಕ್ಕಿನ ಪಂಜರ, ಅಲ್ಯೂಮಿನಿಯಮ್ಮಿನ ಅಗಲ ಅಲಗುಗಳು ಬಳಕೆಗೆ ಬಂದದ್ದು ತರುವಾಯ. ಎಮರ್ಸನ್ ಕಂಪನಿಯ ‘ಸಿಲ್ವರ್ ಸ್ವಾನ್’ ಎಂಬ ಅಲ್ಯೂಮಿನಿಯಮ್ ಅಲಗಿನ ಪಂಖಾ ೧೯೩೨ರದು. ಸಂಗ್ರಾಹಕರು ಅದನ್ನು ಇಂದಿಗೂ ಬಯಸಿ ಹುಡುಕುತ್ತಾರೆ.

ಒಂದು ಅಂಗಡಿಯವನು ಕನ್ನಡಿಯಂತೆ ಹೊಳೆಯುವ ಪಂಖಾವನ್ನು ತೋರಿಸಿ, “ನೂರು ವರ್ಷದ್ದು, ಸಾಹೇಬ್” ಎಂದನು. ಕಾಕಾ ಕನ್ನಡಕವನ್ನು ಏರಿಸಿ ಬೆನ್ನಿನ ತಿರುಪುಗಳನ್ನು ನಮಗೆ ತೋರಿಸಿದರು. ನಾಲ್ಕಕ್ಕೆ ನಾಲ್ಕೂ ನಕ್ಷತ್ರದ ತಲೆಯ ತಿರುಪುಗಳು. ಅಂಥ ತಿರುಪು ಪ್ರಚಾರಕ್ಕೆ ಬಂದದ್ದೇ ೧೯೩೦ರ ದಶಕದಲ್ಲಿ. ಮೋಟಾರು ಒಂದರದು, ಅಲಗು ಇನ್ನೊಂದರದು, ಪಂಜರ ನಿನ್ನೆಯದು! ಅಂಗಡಿಯವನೂ ನಕ್ಕನು, ಚಹಾ ತರಿಸಿದನು. ಇಲ್ಲಿಯ ವ್ಯಾಪಾರದ ಮರ್ಯಾದೆಯೇ ಅಂಥದು.

ನಮ್ಮ ದೇಶದಲ್ಲಿಯೇ ತಯಾರಾದ ಪಂಖಾಗಳ ಕಾಲವನ್ನು ನಿರ್ಣಯಿಸಲು ಕಾಕಾ ಹೇಳಿಕೊಟ್ಟ ಲಕ್ಷಣಗಳು ನಮ್ಮ ವಾಚಕರಿಗೆಲ್ಲ ಉಪಯೋಗಕ್ಕೆ ಬರುವಂಥವು. ಅಲಗುಗಳು ತಿರುಗುವ ವೃತ್ತದ ವ್ಯಾಸವನ್ನು ೪೮ ಇಂಚು ಎಂದು ಬರೆದಿದ್ದರೆ ಅದು ಮೆಟ್ರಿಕ್ ಪದ್ಧತಿ ರೂಢಿಗೆ ಬರುವ ಮುಂಚಿನದು ಇರಬಹುದು. ೧೨೦೦ ಮಿಲಿಮೀಟರ್ ಎಂದಿದ್ದರೆ ೧೯೫೬ರ ತೂಕ ಅಳತೆಗಳ ಕಾಯಿದೆಯ ನಂತರದ ಕಾಲದ್ದು. ಐ.ಎಸ್.ಐ. ಮುದ್ರೆಗೆ ಆಧಾರವಾದ ಕಾಯಿದೆ ೧೯೫೨ರದು. ಆದುದರಿಂದ ಆ ಮುದ್ರೆಯುಳ್ಳ ಪಂಖಾ ಸ್ವಾತಂತ್ರ್ಯಪೂರ್ವದ್ದಾಗಿರಲು ಸಾಧ್ಯವಿಲ್ಲ. ವಿಳಾಸದಲ್ಲಿ ಆರಂಕಿಯ ಪಿನ್ ಸಂಖ್ಯೆ ಇದ್ದರೆ ೧೯೭೨ರ ಆಗಸ್ಟಿನ ನಂತರದ್ದು. ‘ಬಾಂಬೆ’ ಎಂಬುದು ‘ಮುಂಬಯಿ’ ಆದದ್ದು ೧೯೯೫ರಲ್ಲಿ, ‘ಕಲ್ಕತ್ತಾ’ ಎಂಬುದು ‘ಕೋಲ್ಕತಾ’ ಆದದ್ದು ೨೦೦೧ರಲ್ಲಿ. ಏಣಿ ಹಾಕಿ ಮೇಲೆ ಹತ್ತಿ, ಮೊದಲು ಮೇನ್ ಸ್ವಿಚ್ಚನ್ನು ಆರಿಸಿ, ನಿಮ್ಮ ಮನೆಯ ಪಂಖಾವನ್ನೇ ನೋಡಬಹುದು.

ಇನ್ನು ಜೀರ್ಣೋದ್ಧಾರದ ವಿಷಯ. ಹಳೆಯ ಪಂಖಾವನ್ನು ಮನೆಗೆ ತಂದೊಡನೆ ಬಟನ್ ಒತ್ತುವುದು ಅಪಾಯಕರ. ರಬ್ಬರು ಮತ್ತು ಹತ್ತಿಯ ಹೊದಿಕೆಯ ಹಳೆಯ ತಂತಿ ಮುಟ್ಟಿದರೆ ಹಪ್ಪಳದಂತೆ ಉದುರುತ್ತದೆ. ಕಬ್ಬಿಣದ ಮೈಗೆ ವಿದ್ಯುತ್ತು ಸೋರಿದರೆ ಪ್ರಾಣಕ್ಕೇ ಹಾನಿ. ಮೊದಲು ತಂತಿಯನ್ನು ಬದಲಿಸಬೇಕು, ಮೂರನೆಯ ತಂತಿಯಾಗಿ ಅರ್ಥಿಂಗ್ ಕೊಡಬೇಕು, ಮೆಗ್ಗರಿನಿಂದ ಸೋರಿಕೆಯನ್ನು ಪರೀಕ್ಷಿಸಬೇಕು. ಅನಂತರವೂ ಬಲ್ಬೊಂದನ್ನು ಸಾಲಿನಲ್ಲಿ ಜೋಡಿಸಿಯೇ ಮೊದಲ ಸಲ ವಿದ್ಯುತ್ತು ಹಾಯಿಸಬೇಕು. ಒಳಗೆ ದೋಷವಿದ್ದರೆ ಬಲ್ಬು ಪೂರ್ಣ ಉರಿಯುತ್ತದೆ, ಮೋಟಾರು ಸುಡದೆ ಉಳಿಯುತ್ತದೆ. ಮೋಟಾರಿನ ಎರಡು ಪಕ್ಕಗಳಲ್ಲಿ ಬ್ರಷ್ಷಿನ ಮುಚ್ಚಳಗಳಿದ್ದರೆ ಅದು ಡಿ.ಸಿ. ಪಂಖಾ ಇರುವ ಸಂಭವ ಹೆಚ್ಚು. ಕಲಕತ್ತೆಯಂಥ ನಗರದಲ್ಲಿ ಡಿ.ಸಿ. ವಿದ್ಯುತ್ತು ಹಲವು ದಶಕಗಳ ಕಾಲ ಉಳಿದಿತ್ತು. ಅಂಥ ಪಂಖಾವನ್ನು ಇಂದಿನ ಎ.ಸಿ.ಗೆ ನೇರವಾಗಿ ಹಚ್ಚಬಾರದು. ಬಲ್ಲವರಿಂದ ರೆಕ್ಟಿಫಾಯರ್ ಜೋಡಿಸಿಕೊಳ್ಳಬೇಕು. ಬೇರಿಂಗಿಗೆ ಕೊಬ್ಬರಿಎಣ್ಣೆ ಹಾಕುವ ನಮ್ಮವರ ರೂಢಿಯೂ ಒಳ್ಳೆಯದಲ್ಲ. ಅದು ಕ್ರಮೇಣ ಅಂಟಾಗುತ್ತದೆ. ತೆಳುವಾದ ಯಂತ್ರದ ಎಣ್ಣೆಯೇ ಯೋಗ್ಯ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಅದನ್ನು ಒಣಗಿಯೇ ಉಜ್ಜಿ ಧೂಳೆಬ್ಬಿಸಬಾರದು.

“ಸುಟ್ಟ ಕಾಯಿಲು ಮತ್ತ ಸುತ್ತಬಹುದು. ಎಷ್ಟು ಸುತ್ತು, ಎಷ್ಟು ದಪ್ಪನ ತಂತಿ, ಬಿಚ್ಚೂಮುಂದ ಬರದ ಇಟ್ಟಿದ್ರ ಆತು. ಆದ್ರ ಕೆರದ ತಗದ ಅಕ್ಷರ ಮತ್ತ ಬರೂದಿಲ್ಲ,” ಎಂದು ಕಾಕಾ ಅಂದರು. ಆ ಮಾತಿನ ಅರ್ಥ ಅದೇ ಮಧ್ಯಾಹ್ನ ನಮಗೆ ಮನವರಿಕೆಯಾಯಿತು.

ಬೀದಿಯ ತುದಿಯಲ್ಲಿದ್ದ ಒಂದು ಗುಜರಿಯ ಅಂಗಡಿಯಲ್ಲಿ ಸೀಲಿಂಗ್ ಪಂಖಾದ ಮೂರು ಅಲಗುಗಳು ಗೋಡೆಗೆ ಒರಗಿದ್ದವು. ಮೋಟಾರು ಆಗಲೇ ಮಾರಿಹೋಗಿತ್ತು. ಒಂದು ಅಲಗಿನ ಧೂಳಿನ ಕೆಳಗೆ ಕೆಂಪು ಬಣ್ಣದ ದುಂಡನೆಯ ಅಕ್ಷರಗಳು. ಕನ್ನಡ! ಅಂಗಿಯ ತುದಿಯಿಂದ ಮೆಲ್ಲನೆ ಒರೆಸಿದಾಗ ‘ಇವರ ಸ್ಮರಣಾರ್ಥ ಶ್ರೀ ಮಠಕ್ಕೆ ಸೇವಾ’ ಎಂಬಷ್ಟು ಕಂಡಿತು. ಹೆಸರಿನ ಜಾಗದಲ್ಲಿ ಬಣ್ಣ ಹೋಗಿತ್ತು. ಇಸವಿಯಲ್ಲಿ ೧೯೫ ಎಂಬ ಮೂರು ಅಂಕೆಗಳಿದ್ದವು, ನಾಲ್ಕನೆಯದು ಅಳಿದಿತ್ತು. ಊರಿನ ಹೆಸರಿನಲ್ಲಿ ಉಳಿದದ್ದು ಕೊನೆಯ ‘ಗಿ’ ಎಂಬ ಅಕ್ಷರವೊಂದೇ. ‘ಗಿ’ ಎಂದು ಮುಗಿಯುವ ಊರುಗಳು ಅಕ್ಕಲಕೋಟೆಯಿಂದ ಕಲಬುರಗಿಯವರೆಗೆ ಎಷ್ಟಿಲ್ಲ! ಅಂಗಡಿಯವನಿಗೆ ಅದು ಯಾವ ಮೂಟೆಯಲ್ಲಿ ಬಂತೆಂಬುದೇ ತಿಳಿಯದು. ಬಣ್ಣ ಕೆರೆದು, ಹೊಳಪು ಕೊಟ್ಟು, ಹೋಟೆಲೊಂದರ ಅಲಂಕಾರಕ್ಕೆ ಕೊಡುವವನಿದ್ದನು.

ಗಡಿಯ ಈಚೆಗಿರುವ ನಮ್ಮ ಹಳ್ಳಿಗಳಲ್ಲಿ ಗುಡಿಗೆ, ಮಠಕ್ಕೆ, ಶಾಲೆಗೆ ಪಂಖಾ ಕೊಡುವುದು ಒಂದು ಕಾಲಕ್ಕೆ ದೊಡ್ಡ ದಾನವಾಗಿತ್ತು. ಗತಿಸಿದ ತಂದೆತಾಯಿಗಳ ಹೆಸರನ್ನು ಅಲಗಿನ ಮೇಲೆ ಬರೆಸುತ್ತಿದ್ದರು, ಅದೂ ತಮ್ಮ ಮನೆಮಾತಿನ ಲಿಪಿಯಲ್ಲಿ. ತಿರುಗುವಾಗ ಆ ಹೆಸರನ್ನು ಯಾರೂ ಓದಲಾರರು. ಪ್ರವಚನ ಮುಗಿದು ಪಂಖಾ ನಿಂತಾಗ ಕೆಳಗೆ ಕುಳಿತ ಹುಡುಗರು ತಲೆಯೆತ್ತಿ ಅಕ್ಷರ ಕೂಡಿಸಿ ಓದುತ್ತಿದ್ದರು. ಕನ್ನಡ ಶಾಲೆಯಿಲ್ಲದ ಹಳ್ಳಿಯ ಮಗುವಿಗೆ ಅದೂ ಒಂದು ಪಾಠವೇ. ಇಂದು ಮಠಗಳ ಮಾಡು ಬದಲಾಗುತ್ತಿದೆ, ಹೊಸ ಪಂಖಾ ಬರುತ್ತಿದೆ. ಅದು ತಪ್ಪಲ್ಲ; ಬೇಸಿಗೆಯ ಸೆಕೆಯಲ್ಲಿ ಕುಳಿತವರಿಗೆ ಗಾಳಿ ಬೇಕು. ಆದರೆ ಹಳೆಯದನ್ನು ಗುಜರಿಗೆ ತೂಗುವ ಮೊದಲು ಅಲಗಿನ ಮೇಲೇನಿದೆಯೆಂದು ನೋಡುವವರು ಕಡಿಮೆ.

ಕಾಕಾ ಆ ಮೂರು ಅಲಗುಗಳನ್ನೂ ತೂಕದ ಬೆಲೆಗೆ ಕೊಂಡರು. ಅವುಗಳಿಗೆ ಹೊಂದುವ ಮೋಟಾರು ಸಿಕ್ಕೀತೋ ಇಲ್ಲವೋ, ಬಣ್ಣವನ್ನಂತೂ ಅವರು ಮುಟ್ಟಿಸುವುದಿಲ್ಲ. ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಮೊದಲು ತಗಡನ್ನೂ ಅಕ್ಷರವನ್ನೂ ಛಾಯಾಚಿತ್ರ ತೆಗೆದಿಡುವುದು ಅವರ ನಿಯಮ.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ನಿಮ್ಮೂರಿನ ಗುಡಿಯಲ್ಲಿ, ಶಾಲೆಯಲ್ಲಿ, ವಾಚನಾಲಯದಲ್ಲಿ ತೂಗುತ್ತಿರುವ ಹಳೆಯ ಪಂಖಾದ ಮೇಲೆ ಹೆಸರಿದ್ದರೆ ಅದನ್ನು ಇಸವಿಸಹಿತ ಒಂದು ವಹಿಯಲ್ಲಿ ಬರೆದಿಡಿ. ಪಂಖಾವನ್ನು ಉಳಿಸಲಾಗದಿದ್ದರೆ ಆ ಒಂದು ಅಲಗನ್ನಾದರೂ ಗೋಡೆಗೆ ಹೊಡೆದು ಇಡಿ. ‘ಗಿ’ ಎಂದು ಮುಗಿಯುವ ಊರಿನ ಯಾವ ಮಠಕ್ಕೆ ೧೯೫೦ರ ದಶಕದಲ್ಲಿ ಕೆಂಪಕ್ಷರದ ಪಂಖಾ ಬಂದಿತ್ತೆಂದು ಬಲ್ಲ ಹಿರಿಯರು ನಿಮ್ಮಲ್ಲಿದ್ದರೆ ಪತ್ರಿಕೆಗೆ ಒಂದು ಕಾಗದ ಬರೆಯಿರಿ. ಅಲಗುಗಳನ್ನು ಆ ಊರಿಗೆ ಮುಟ್ಟಿಸಲು ನಾವು ಸಿದ್ಧರಿದ್ದೇವೆ.