ಜಂಬೂರಿನ ಬೆಣ್ಣೆಹಣ್ಣು

ಮಾಟುಂಗಾ ಮಾರ್ಕೆಟ್ಟಿಗೆ ತಿಂಗಳಿಗೊಮ್ಮೆಯಾದರೂ ಹೋಗದಿದ್ದರೆ ನನಗೆ ಮುಂಬಯಿಯಲ್ಲಿ ಬದುಕಿದ ಹಾಗೆ ಅನ್ನಿಸುವುದಿಲ್ಲ. ಬಾಳೆಲೆ, ಕಾಫಿಪುಡಿ, ಒಂದು ಮಾರು ಮಲ್ಲಿಗೆ. ಈಚೆಗೆ ಅಲ್ಲಿನ ಹಣ್ಣಿನ ಅಂಗಡಿಗಳಲ್ಲಿ ಥರ್ಮಾಕೋಲ್ ತಟ್ಟೆಯ ಮೇಲೆ ಕರ್ರಗಿನ, ಮೊಸಳೆ ಚರ್ಮದ ಆವಕಾಡೊಗಳು ಸ್ಟಿಕ್ಕರ್ ಅಂಟಿಸಿಕೊಂಡು ಕೂತಿರುತ್ತವೆ. ಹಣ್ಣು ಟಾಂಜಾನಿಯಾದ್ದು, ಬೆಲೆ ಒಂದಕ್ಕೆ 150 ರೂಪಾಯಿ. ‘ಇದು ನಮ್ಮೂರಲ್ಲಿ ದನವೂ ತಿನ್ನುತ್ತಿರಲಿಲ್ಲ’ ಎಂದು ಅಂಗಡಿಯವನಿಗೆ ಹಿಂದಿಯಲ್ಲಿ ಹೇಳಿದೆ. ಅವನು ನನ್ನನ್ನು ಚೌಕಾಸಿಗೆ ಬಂದ ಗಿರಾಕಿ ಎಂದುಕೊಂಡು ಹತ್ತು ರೂಪಾಯಿ ಇಳಿಸಿದ.

ನಮ್ಮೂರು ಎಂದರೆ ಕೊಡಗು, ಮಾದಾಪುರದ ಮೇಲಿನ ಗುಡ್ಡ. ಅಲ್ಲಿ ಈ ಹಣ್ಣಿಗೆ ಆವಕಾಡೊ ಎನ್ನುವ ಹೆಸರು ಯಾರಿಗೂ ಗೊತ್ತಿರಲಿಲ್ಲ, ಬಟರ್ ಫ್ರೂಟ್ ಎನ್ನುತ್ತಿದ್ದೆವು. ಚಿಕ್ಕಮ್ಮ ಮಾತ್ರ ಬೆಣ್ಣೆಹಣ್ಣು ಎನ್ನುತ್ತಾಳೆ. ಕಾಫಿ ತೋಟದಲ್ಲಿ ಕಿತ್ತಳೆ, ಸಿಲ್ವರ್ ಓಕ್, ಮೆಣಸಿನ ಬಳ್ಳಿ ಇದ್ದ ಹಾಗೆ ಇದೂ ಒಂದು ಇರುತ್ತಿತ್ತು, ಯಾರೂ ನೀರು ಗೊಬ್ಬರ ಹಾಕಿದ್ದನ್ನು ನಾನು ಕಂಡಿಲ್ಲ. ಚಿಕ್ಕಮ್ಮನ ಮನೆಯ ಮರ ಕಾಫಿ ಒಣಗಿಸುವ ಕಣದ ಅಂಚಿನಲ್ಲಿತ್ತು. ಉದ್ದ ಕುತ್ತಿಗೆಯ ಹಸಿರು ಹಣ್ಣು, ಒಳಗೆ ಅರಿಸಿನ ಕಲೆಸಿದ ಬೆಣ್ಣೆಯ ಬಣ್ಣ.

ಮಳೆಗಾಲದಲ್ಲಿ ಹಣ್ಣು, ಮಳೆಗಾಲದಲ್ಲೇ ಕರೆಂಟು ಇಲ್ಲ. ಹಾಗಾಗಿ ನಮ್ಮ ಮನೆಯ ಮಿಲ್ಕ್‌ಶೇಕಿಗೆ ಮಿಕ್ಸಿ ಇರಲಿಲ್ಲ, ಚಿಕ್ಕಪ್ಪನ ಕಡಗೋಲು ಇತ್ತು. ಹಣ್ಣನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಚಮಚದಲ್ಲಿ ತಿರುಳು ಕೆರೆದು, ಮೊದಲು ಸಕ್ಕರೆಯ ಜೊತೆ ಕೈಯಲ್ಲೇ ಕಿವುಚುತ್ತಿದ್ದರು. ಸಕ್ಕರೆಯ ಹರಳು ತಿರುಳಿನ ಗಂಟನ್ನು ಒಡೆಯುತ್ತದೆ ಎಂಬುದು ಅವರ ಸಿದ್ಧಾಂತ. ಆಮೇಲೆ ಕಾಸಿ ಆರಿಸಿದ ಹಾಲನ್ನು ಸ್ವಲ್ಪ ಸ್ವಲ್ಪವೇ ಹೊಯ್ದು ಕಡೆಯುವುದು. ಒಂದೇ ಸಲ ಹಾಲು ಸುರಿದರೆ ಗಂಟುಗಳು ಮೀನಿನ ಹಾಗೆ ತೇಲುತ್ತವೆ. ಏಲಕ್ಕಿ ಹಾಕಿದರೆ ಚಿಕ್ಕಪ್ಪನಿಗೆ ಸಿಟ್ಟು. ಏಲಕ್ಕಿ ಬೆಳೆಯುವ ಊರಿನವರು ಏಲಕ್ಕಿ ಬೇಡ ಎನ್ನುವುದನ್ನು ಅಲ್ಲೇ ಕಂಡದ್ದು.

2018ರ ಜುಲೈಯಲ್ಲಿ ಊರಿಗೆ ಹೋದವರು ಮೂರು ಕಾಯಿಗಳನ್ನು ಪೇಪರಿನಲ್ಲಿ ಸುತ್ತಿ ಡೊಂಬಿವಿಲಿಗೆ ತಂದಿದ್ದೆವು. ಈ ಹಣ್ಣು ಮರದಲ್ಲಿ ಇರುವಷ್ಟು ದಿನ ಮೆತ್ತಗಾಗುವುದಿಲ್ಲ, ಕಿತ್ತ ಮೇಲೆಯೇ ಹಣ್ಣಾಗುವುದು. ಆದ್ದರಿಂದ ಪ್ರಯಾಣಕ್ಕೆ ಇದರಷ್ಟು ಒಳ್ಳೆಯ ಹಣ್ಣು ಇಲ್ಲ. ಮೂರನ್ನೂ ಮುಗಿಸಿ, ಒಂದು ಬೀಜಕ್ಕೆ ನಾಲ್ಕು ಕಡೆ ಹಲ್ಲುಕಡ್ಡಿ ಚುಚ್ಚಿ, ಬುಡ ಮಾತ್ರ ನೀರಿಗೆ ತಾಗುವಂತೆ ಗ್ಲಾಸಿನ ಮೇಲೆ ಇಟ್ಟೆ. ಮಗಳ ಸ್ಕೂಲ್ ಪ್ರಾಜೆಕ್ಟು, ಅಷ್ಟೇ.

ಆಗಸ್ಟ್ ಮಧ್ಯದಲ್ಲಿ ಗುಡ್ಡ ಕುಸಿಯಿತು. ಕೊಡಗಿನ ಆ ಮಳೆಯ ಸುದ್ದಿಯನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಎನ್ನುವ ಹೆಸರುಗಳನ್ನು ಹಿಂದಿ ವಾರ್ತೆಯವರು ತಪ್ಪುತಪ್ಪಾಗಿ ಓದುತ್ತಿದ್ದರು. ಚಿಕ್ಕಮ್ಮ ಚಿಕ್ಕಪ್ಪ ಹಿಂದಿನ ದಿನವೇ ಕೆಳಗಿಳಿದು ಪರಿಹಾರ ಕೇಂದ್ರ ಸೇರಿದ್ದರಿಂದ ಬದುಕಿದರು. ಮನೆಯ ಅಡುಗೆಮನೆ ಭಾಗ, ಕೊಟ್ಟಿಗೆ, ಕಣ, ಕಣದ ಅಂಚಿನ ಮರ, ಎಲ್ಲವೂ ಕೆಂಪು ಮಣ್ಣಾಗಿ ಹೊಳೆಗೆ ಹೋದವು. ಫೋನಿನಲ್ಲಿ ಚಿಕ್ಕಮ್ಮ ದನದ ಲೆಕ್ಕ, ಕಾಫಿ ಗಿಡದ ಲೆಕ್ಕ ಹೇಳಿದಳು. ಮರದ ವಿಷಯ ಹೇಳಿದ್ದು ತಿಂಗಳ ಮೇಲೆ. ಅಷ್ಟರಲ್ಲಿ ನಮ್ಮ ಗ್ಲಾಸಿನಲ್ಲಿ ಬೀಜ ಬಿರಿದು ಬಿಳಿಯ ಬೇರು ಬಿಟ್ಟಿತ್ತು.

ಗಿಡ ನಾಲ್ಕು ವರ್ಷ ಬಾಲ್ಕನಿಯ ಕುಂಡದಲ್ಲಿ ಬೆಳೆಯಿತು. ಚಿಕ್ಕಮ್ಮನವರಿಗೆ ಜಂಬೂರಿನಲ್ಲಿ ಎರಡು ಕೋಣೆಯ ಪುನರ್ವಸತಿ ಮನೆ ಸಿಕ್ಕಿತ್ತು, ಆದರೆ ಕೊರೋನಾ ಕಾಲದಲ್ಲಿ ಯಾರು ಎಲ್ಲಿಗೆ ಹೋಗುವುದು. 2022ರ ಜೂನಿನಲ್ಲಿ ದಾದರಿನಿಂದ ಶರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ನಾನು, ನನ್ನ ಬ್ಯಾಗು, ನನ್ನೆತ್ತರದ ಗಿಡ. ಟಿ.ಸಿ. ಟಿಕೆಟ್ ನೋಡಿದ, ಗಿಡ ನೋಡಿದ, ಏನೂ ಕೇಳಲಿಲ್ಲ. ಬೆಳಗಾವಿಯ ಹತ್ತಿರ ಎದುರು ಸೀಟಿನ ಅಜ್ಜಿ ಅದಕ್ಕೆ ತನ್ನ ಬಾಟಲಿಯ ನೀರು ಹಾಕಿದರು. ಕೊಡಗಿಗೆ ರೈಲಿಲ್ಲವಲ್ಲ, ಮೈಸೂರಿನಿಂದ ಬಸ್ಸು. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ, ಅಲ್ಲಿಂದ ಏರು ಶುರು. ಸುಂಟಿಕೊಪ್ಪದಲ್ಲಿ ಬಲಕ್ಕೆ ಹೊರಳಿದರೆ ಮಾದಾಪುರದ ದಾರಿ.

ಜಂಬೂರಿನ ಮನೆಗಳು ಒಂದೇ ಅಚ್ಚಿನವು. ಮೊದಲ ಸಲ ನಾನು ಬೇರೆಯವರ ಮನೆಯ ಬಾಗಿಲು ತಟ್ಟಿದ್ದೆ. ಒಂದೊಂದು ಮನೆಗೂ ಸುತ್ತ ಒಂದಿಷ್ಟು ಜಾಗ, ಅದರಲ್ಲಿ ಪ್ರತಿಯೊಬ್ಬರೂ ತಾವು ಕಳೆದುಕೊಂಡ ತೋಟದ ಒಂದು ತುಣುಕನ್ನು ನೆಟ್ಟುಕೊಂಡಿದ್ದಾರೆ. ಒಬ್ಬರ ಅಂಗಳದಲ್ಲಿ ನಾಲ್ಕೇ ಕಾಫಿ ಗಿಡ, ಇನ್ನೊಬ್ಬರದ್ದರಲ್ಲಿ ಸಿಲ್ವರ್ ಓಕಿಗೆ ಹಬ್ಬಿಸಿದ ಒಂದು ಮೆಣಸಿನ ಬಳ್ಳಿ. ಚಿಕ್ಕಪ್ಪ ಏನೂ ನೆಟ್ಟಿರಲಿಲ್ಲ. ನಾನು ತಂದ ಗಿಡವನ್ನು ಚಿಕ್ಕಮ್ಮ ಹಿತ್ತಿಲಲ್ಲಿ ಇಳಿಸಿದಳು, ಚಿಕ್ಕಪ್ಪ ಬಾಗಿಲಲ್ಲಿ ನಿಂತು ಗುಂಡಿ ಆಳ ಸಾಲದು ಎಂದರು.

ಈ ಮಳೆಗಾಲದಲ್ಲಿ ಫೋನು ಬಂತು: ‘ಒಂಬತ್ತು ಕಾಯಿ ಬಿಟ್ಟಿದೆ, ಬಾ.’

ಹೋದಾಗ ಮೂರನ್ನು ಕಿತ್ತು ಅಕ್ಕಿಡಬ್ಬದಲ್ಲಿ ಇಟ್ಟಾಗಿತ್ತು. ಆಕಾರ ನೋಡಿದಾಗಲೇ ನನಗೆ ಅಳುಕು. ಕುತ್ತಿಗೆ ಇಲ್ಲ, ಗುಂಡಗೆ ಬೇಲದ ಹಣ್ಣಿನ ಹಾಗಿದೆ. ನಾಲ್ಕನೆಯ ದಿನ ಕಿವಿಯ ಹತ್ತಿರ ಅಲುಗಾಡಿಸಿದರೆ ಬೀಜ ಟಕಟಕ ಎಂದಿತು. ಹಸಿರಾಗಿಯೇ ಹಣ್ಣಾಗುವ ಜಾತಿಗಳಿಗೆ ಬಣ್ಣ ನೋಡಿ ಪ್ರಯೋಜನವಿಲ್ಲ, ತೊಟ್ಟಿನ ಬಳಿ ಒತ್ತಿ ನೋಡಬೇಕು, ಅಲುಗಾಡಿಸಿ ಕೇಳಬೇಕು. ಚಿಕ್ಕಪ್ಪ ಕಡಗೋಲು ಹುಡುಕಿದರು, ಅದು ಗುಡ್ಡದ ಜೊತೆ ಹೋಗಿದ್ದು ನೆನಪಾಗಿ ಸುಮ್ಮನಾದರು. ಕರೆಂಟಿತ್ತು, ಮಿಕ್ಸಿಯಲ್ಲೇ ಮಾಡಿದೆವು. ತಿರುಳು ಬಿಳಿಚಿಕೊಂಡಿತ್ತು, ನೀರು ಜಾಸ್ತಿ.

ಚಿಕ್ಕಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು ‘ಇದು ಅದಲ್ಲ’ ಎಂದರು.

ಅಲ್ಲವೇ ಅಲ್ಲ. ಆಗುವುದೂ ಸಾಧ್ಯವಿರಲಿಲ್ಲ ಎಂದು ಆಮೇಲೆ ತಿಳಿಯಿತು. ಬೆಣ್ಣೆಹಣ್ಣಿನ ಬೀಜ ತಾಯಿಮರವನ್ನು ಹೋಲಬೇಕೆಂದಿಲ್ಲ. ಇದರ ಹೂವು ಒಂದು ಸಲ ಹೆಣ್ಣಾಗಿ ಅರಳಿ ಮುಚ್ಚಿ, ಮತ್ತೊಮ್ಮೆ ಗಂಡಾಗಿ ಅರಳುತ್ತದೆ. ಯಾವ ತೋಟದ ಯಾವ ಮರದ ಪರಾಗವನ್ನು ಜೇನು ತಂದಿತೋ ಯಾರು ಬಲ್ಲರು. ಮರ ಉಳಿಯಬೇಕಾದರೆ ಕಡ್ಡಿ ತೆಗೆದು ಕಸಿ ಕಟ್ಟಬೇಕು. ಮಾಟುಂಗಾದಲ್ಲಿ ನಾನು ಹಂಗಿಸಿದ ಆ ಕರಿ ಹಣ್ಣು ಇದೆಯಲ್ಲ, ಅದು ಹಾಸ್ ಜಾತಿ. ಕ್ಯಾಲಿಫೋರ್ನಿಯಾದಲ್ಲಿ ರುಡಾಲ್ಫ್ ಹಾಸ್ ಎಂಬ ಪೋಸ್ಟ್‌ಮ್ಯಾನ್ ಬೀಜ ಹಾಕಿ ಬೆಳೆಸಿದ ಒಂದೇ ಮರ. 1935ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಇವತ್ತು ಲೋಕದಲ್ಲಿರುವ ಹಾಸ್ ಮರಗಳೆಲ್ಲ ಆ ಮರದ ಕಡ್ಡಿಯ ಕಸಿಗಳೇ. ತಾಯಿಮರ 2002ರಲ್ಲಿ ಸತ್ತಿತು, ಆದರೂ ಡೊಂಬಿವಿಲಿಯವರೆಗೆ ಅದರ ಹಣ್ಣು ಬರುತ್ತದೆ. ನಮ್ಮ ಮರದ ಒಂದು ಕಡ್ಡಿಯನ್ನೂ ಯಾರೂ ಎತ್ತಿಡಲಿಲ್ಲ. ಅಕ್ಕಪಕ್ಕದವರು ಹಣ್ಣು ಒಯ್ದಿದ್ದರು, ಬೀಜ ಒಯ್ದಿದ್ದರು, ಅಷ್ಟೆ.

ಮರುದಿನ ಚಿಕ್ಕಪ್ಪನೇ ಚೆಟ್ಟಳ್ಳಿಗೆ ಹೋಗೋಣ ಎಂದರು. ಅಲ್ಲಿ ತೋಟಗಾರಿಕೆ ಪ್ರಯೋಗ ಕೇಂದ್ರವಿದೆ, ಬಟರ್ ಫ್ರೂಟಿನ ಮೇಲೂ ಕೆಲಸ ನಡೆದಿದೆ. ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಅಲ್ಲಿಂದಲೇ ಬಂದ ತಳಿಗಳು. ಏಳು ವರ್ಷದಲ್ಲಿ ಅವರು ಗಿಡದ ಹೆಸರೆತ್ತಿದ್ದು ಅದೇ ಮೊದಲು, ಆದ್ದರಿಂದ ಮಳೆಯಲ್ಲೇ ಆಟೋ ಹಿಡಿದೆವು. ಕಸಿ ಗಿಡ ಎರಡು ತಂದೆವು. ತಂದ ಮೇಲೆ ಶುರುವಾಯಿತು ಜಗಳ: ಹಿತ್ತಿಲಲ್ಲಿ ಜಾಗವಿರುವುದು ಒಂದು ಮರಕ್ಕೆ. ಈಗಿರುವುದನ್ನು ಕಡಿಯಬೇಕು ಎಂದು ಚಿಕ್ಕಪ್ಪ. ‘ಮುಂಬೈಯಿಂದ ರೈಲಲ್ಲಿ ಬಂದದ್ದು, ಮುಟ್ಟಿದರೆ ನೋಡಿ’ ಎಂದು ಚಿಕ್ಕಮ್ಮ. ನನ್ನನ್ನು ಕೇಳಿದರು. ನಾನು ಹಾಲು ಕಾಸಲು ಒಳಗೆ ಹೋದೆ.

ಬರುವಾಗ ನಾಲ್ಕು ಕಾಯಿ ಕೊಟ್ಟರು. ಇಲ್ಲಿ ಹಣ್ಣಾಗಲು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಇಟ್ಟೆ, ಮೂರು ದಿನ ಸಾಕಾಯಿತು. ಕಾಯಾಗಿದ್ದಾಗಲೇ ಫ್ರಿಜ್ಜಿಗೆ ತುರುಕಬೇಡಿ, ಹಣ್ಣಾಗುವುದು ನಿಂತುಹೋಗುತ್ತದೆ. ಒಂದು ಹಣ್ಣಿನ ತಿರುಳಿಗೆ, ನಮ್ಮ ಕೊಡಗಿನ ನೀರುಹಣ್ಣಾದರೆ ಒಂದೇ ಲೋಟ ಗಟ್ಟಿ ಹಾಲು. ಹಾಸ್ ಆದರೆ ಒಂದೂವರೆ ಲೋಟ ಹಿಡಿಯುತ್ತದೆ, ಅದರಲ್ಲಿ ಕೊಬ್ಬು ಹೆಚ್ಚು. ಹಾಲು ಕಾಸಿ, ಆರಿಸಿ, ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿದಿರಬೇಕು. ಬಿಸಿ ತಾಗಿದರೆ ತಿರುಳು ಕಹಿ. ಐಸ್ ಬೇಡ, ತೆಳ್ಳಗಾಗುತ್ತದೆ. ಮೊದಲು ತಿರುಳು, ಮೂರು ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು, ಕಾಲು ಲೋಟ ಹಾಲು ಹಾಕಿ ನುಣ್ಣಗೆ ತಿರುಗಿಸಿ, ಆಮೇಲೆ ಉಳಿದ ಹಾಲು ಹಾಕಿ ನಾಲ್ಕೇ ಸುತ್ತು. ಜೇನು ಹಾಕುವವರು ಸಕ್ಕರೆ ಬಿಡಿ. ಮಾಡಿದ ಕೂಡಲೇ ಕುಡಿಯಬೇಕು, ಇಟ್ಟರೆ ಕಂದಾಗುತ್ತದೆ. ತೆಳು ಹಣ್ಣಿಗೆ ಒಂದು ಚಮಚ ಹಾಲಿನ ಕೆನೆ ಸೇರಿಸಿದೆ, ಅಷ್ಟೇನೂ ಕೆಟ್ಟದಿರಲಿಲ್ಲ. ಮಗಳು ಎರಡು ಲೋಟ ಕುಡಿದಳು. ಹಳೆಯ ಮರದ ರುಚಿ ಅವಳಿಗೆ ನೆನಪಿಲ್ಲ.

ರಾತ್ರಿ ಜಂಬೂರಿಗೆ ಫೋನ್ ಮಾಡಿದೆ. ಕಡಿದರಾ ಎಂದು ಕೇಳಿದೆ.

‘ಇನ್ನೂ ಇಲ್ಲ’ ಎಂದಳು ಚಿಕ್ಕಮ್ಮ. ‘ಕಸಿ ಗಿಡ ಎರಡೂ ಬಕೆಟ್‌ನಲ್ಲಿ ಇವೆ. ಬೆಳಿಗ್ಗೆ ಬೆಳಿಗ್ಗೆ ಅವೇ ನೀರು ಹಾಕುತ್ತಾರೆ, ಈ ಮರಕ್ಕೂ.’