ಒಸಡಿನ ಔಷಧಿ, ಮನಸ್ಸಿನ ಭಾರ

ನಮ್ಮಲ್ಲಿ ಹಲ್ಲುನೋವಿಗೆ ಡಾಕ್ಟರ ಹತ್ತಿರ ಹೋಗುತ್ತೇವೆ. ಟೆನ್ಷನ್‌ಗೆ ಮಾತ್ರ "ಸಬೂರ್ ಮಾಡು" ಎಂದು ಹೇಳಿ ಮಾತು ಮುಗಿಸುತ್ತೇವೆ. ಬಾಯಿಯೊಳಗೆ ಈ ಎರಡೂ ಒಂದೇ ಕಡೆ ಬಂದು ಕೂರುತ್ತವೆ ಎಂದು ನನಗೆ ಗೊತ್ತಾದದ್ದು ನನ್ನ ಹಲ್ಲಿನಿಂದಲೇ.

2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಉಪ್ಪಳದ ನಮ್ಮ ಅಂಗಡಿಗೆ ಮಂಗಳೂರಿನಿಂದ ಸಾಮಾನು ತರುವುದೇ ಕಷ್ಟವಾಯಿತು. ಕೊಟ್ಟ ಕಡ ವಾಪಸ್ ಬರಲಿಲ್ಲ. ಉಪ್ಪನಿಗೆ ಪ್ರಾಯವಾಗಿತ್ತು, ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಆಮೇಲೆ ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆ ಎಂದು ಹೆಂಡತಿ ಹೇಳತೊಡಗಿದಳು. ಬೆಳಿಗ್ಗೆ ಎದ್ದರೆ ದವಡೆ ಬಿಗಿ, ಬ್ರಷ್ ಮಾಡಿದರೆ ರಕ್ತ. ಬಾಯಿವಾಸನೆಯ ನಾಚಿಕೆಗೆ ಗಿರಾಕಿಗಳ ಎದುರು ಕೈ ಅಡ್ಡ ಹಿಡಿದು ಮಾತಾಡುತ್ತಿದ್ದೆ. ಮಾತಾಡದೆ ಅಂಗಡಿ ನಡೆಯುತ್ತದೆಯೇ?

ಡಾಕ್ಟರ್ ವಿವರಿಸಿದ್ದು ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ನನಗೆ ಬೇಗ ಅರ್ಥವಾಯಿತು. ಹಲ್ಲು ಕಡಿಯುವುದರಿಂದ ಒಸಡಿನ ರೋಗ ಹುಟ್ಟುವುದಿಲ್ಲ. ಅದು ಒಸಡಿನ ಅಂಚಿನಲ್ಲಿ ಕೂತ ಕೊಳೆಯ ಬ್ಯಾಕ್ಟೀರಿಯಾದಿಂದ ಬರುತ್ತದೆ. ಆದರೆ ಹಲ್ಲಿನ ಬೇರು ಮತ್ತು ಎಲುಬಿನ ನಡುವೆ ಸಣ್ಣ ನಾರುಗಳಿವೆ, ಮೆಷಿನ್ ಅಡಿಯ ರಬ್ಬರ್ ಪ್ಯಾಡ್‌ನ ಹಾಗೆ. ರೋಗ ಆ ನಾರನ್ನೂ ಎಲುಬನ್ನೂ ತಿನ್ನುತ್ತದೆ. ಬುಡ ಸಡಿಲಾದ ಮೆಷಿನ್‌ಗೆ ರಾತ್ರಿಯಿಡೀ ಲೋಡ್ ಹಾಕಿದರೆ ಏನಾಗುತ್ತದೆ, ಹೇಳಬೇಕಾಗಿಲ್ಲ.

ಒಸಡಿನ ಕೆಳಗೆ ಗಟ್ಟಿಯಾದ ಕಲ್ಲನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಎರಡು ಸಲದಲ್ಲಿ ತೆಗೆದರು. "ಕ್ಲೀನ್ ಮಾಡಿದರೆ ಹಲ್ಲು ಸಡಿಲಾಗುತ್ತದೆ" ಎಂದು ನೆರೆಯವರು ಹೆದರಿಸಿದ್ದರು. ಹಾಗಲ್ಲ. ಕಲ್ಲು ಹೋಗಿ ಬಾವು ಇಳಿದಾಗ ಮೊದಲೇ ಇದ್ದ ಸಂದು ಕಾಣುತ್ತದೆ, ಅಷ್ಟೆ. ಶುಗರ್ ಪರೀಕ್ಷೆಯನ್ನೂ ಮಾಡಿಸಿದರು. ಸಕ್ಕರೆ ಹತೋಟಿ ತಪ್ಪಿದರೆ ಒಸಡು ಬೇಗ ಕೆಡುತ್ತದೆ. ಬೀಡಿ, ಸಿಗರೇಟು ಇದ್ದರೆ ಗುಣವಾಗುವುದು ನಿಧಾನ. ರಾತ್ರಿಗೆ ಹಲ್ಲಿನ ಮೇಲೆ ಹಾಕುವ ಗಾರ್ಡ್ ಮಾಡಿಕೊಟ್ಟರು. ಅದು ಸವೆತ ತಡೆಯುತ್ತದೆ, ಕಡಿಯುವುದನ್ನು ನಿಲ್ಲಿಸುವುದಿಲ್ಲ.

ಗಾರ್ಡ್ ಸಾಲವನ್ನೂ ತೀರಿಸುವುದಿಲ್ಲ. ಹಾಗಾಗಿ ಒಂದು ಆದಿತ್ಯವಾರ ಉಮ್ಮ, ಹೆಂಡತಿ, ತಮ್ಮನನ್ನು ಕೂರಿಸಿ ಪುಸ್ತಕ ಬಿಚ್ಚಿದೆ. ಯಾರಿಗೆ ಎಷ್ಟು, ಯಾವ ತಿಂಗಳು ಎಂದು ಬರೆದೆವು. ಇಶಾ ನಮಾಝಿನ ನಂತರ ಲೆಕ್ಕ ನೋಡುವುದನ್ನು ಬಿಟ್ಟೆ, ಸಂಜೆಯ ಮೇಲೆ ಚಹಾವನ್ನೂ ಬಿಟ್ಟೆ. ಹಗಲಲ್ಲಿ ದವಡೆ ಬಿಗಿಯಾದದ್ದು ಗೊತ್ತಾದಾಗ ಡಾಕ್ಟರ್ ಹೇಳಿದ್ದು ನೆನಪಾಗುತ್ತದೆ: ತುಟಿ ಮುಚ್ಚಿರಲಿ, ಹಲ್ಲು ಹಲ್ಲಿಗೆ ತಾಗದಿರಲಿ.

ಈಗ ರಕ್ತ ಬರುವುದಿಲ್ಲ, ಬಾಯಿಗೆ ಕೈ ಅಡ್ಡ ಹಿಡಿಯುವುದೂ ಇಲ್ಲ. ಕೆಲವು ರಾತ್ರಿ ಇನ್ನೂ ಹಲ್ಲು ಕಡಿಯುತ್ತೇನೆ. ಮೂರು ತಿಂಗಳಿಗೊಮ್ಮೆ ತೋರಿಸಲು ಹೋಗುತ್ತೇನೆ.

ನಿಮ್ಮ ಮನೆಯಲ್ಲಿ ಯಾರಾದರೂ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದರೆ ತಮಾಷೆ ಮಾಡಬೇಡಿ. ಗೊರಕೆಯೂ ಜೋರಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಹಲ್ಲು ತೋರಿಸಲು ಕರೆದುಕೊಂಡು ಹೋಗುವ ದಾರಿಯಲ್ಲಿ, ಮನಸ್ಸಿನಲ್ಲಿ ಏನುಂಟು ಎಂದು ಒಮ್ಮೆ ಕೇಳಿ.